ಬರೀ ಸ್ಪಿರಿಟ್ಟಿನ ಸಾಲು

ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಕಷಾಯ ಎಂದು. ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಅದನ್ನೇ. ಎಲೆ ಒಣಗಿಸಿ, ಅರೆದು, ಸ್ಪಿರಿಟ್ಟಿನಲ್ಲಿ ನೆನೆಹಾಕಿ ಸಾರ ಇಳಿಸುವುದು. ತಟ್ಟೆಯ ಸಣ್ಣ ಗುಳಿಗಳಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಅದನ್ನು ಹನಿಸಿ, ಸತ್ತವೋ ಬದುಕಿದವೋ ನೋಡುವುದು. ಇನ್ನೂರು ಎಲೆ ಅರೆದರೂ ಕೋಶಗಳು ಜಗ್ಗಿರಲಿಲ್ಲ. ಕೆಲವು ಸಾರಗಳಲ್ಲಂತೂ ಮೊದಲಿಗಿಂತ ದಷ್ಟಪುಷ್ಟವಾಗಿದ್ದವು. ಆದರೆ ಅಕ್ಕ ಮಾತ್ರ ತನ್ನ ತಮ್ಮ ವಿಜ್ಞಾನಿ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅದನ್ನು ತಿದ್ದುವಷ್ಟು ದೊಡ್ಡ ಮನಸ್ಸು ಇವನಿಗೆ ಎಂದೂ ಬಂದಿರಲಿಲ್ಲ.

ಒಂದು ಸೋಮವಾರ ಬೇಲಿಗಿಡದ ಎಲೆಯ ಸಾರಕ್ಕೆ ಕೋಶಗಳು ಒಂದೂ ಉಳಿಯದೆ ಸತ್ತವು. ಇವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮುಖ್ಯಸ್ಥೆ ಮೇಡಂಗೆ ತಿಳಿಸುವ ಮೊದಲೇ ಅಕ್ಕನಿಗೆ ಫೋನು ಮಾಡಿ ಕೊಚ್ಚಿಕೊಂಡ. ಅಕ್ಕನಿಗೆ ಎದೆಯ ಕ್ಯಾನ್ಸರು. ಎರಡು ಇಂಜೆಕ್ಷನ್ನಿಗೇ ಕೂದಲೆಲ್ಲ ಉದುರಿ, ಮೂರನೆಯದಕ್ಕೆ ಹೆದರಿ ಕುಳಿತಿದ್ದಳು. ಅವಳ ಹಿತ್ತಿಲ ಬೇಲಿಯೂ ಅದೇ ಗಿಡ.

ಶುಕ್ರವಾರ ತಟ್ಟೆ ನೋಡಿದ ಮೇಡಂ ಕೇಳಿದ್ದು ಒಂದೇ ಮಾತು, ಬರೀ ಸ್ಪಿರಿಟ್ಟಿನ ಸಾಲೆಲ್ಲಿ ಎಂದು. ಕೊಂದದ್ದು ಎಲೆಯೋ ಸ್ಪಿರಿಟ್ಟೋ ಎಂದು ತಿಳಿಯಲು, ಎಲೆಯ ಸಾರವಿಲ್ಲದೆ ಸ್ಪಿರಿಟ್ಟನ್ನಷ್ಟೇ ಹನಿಸಿದ ಗುಳಿಗಳ ಒಂದು ಸಾಲು ಪ್ರತಿ ತಟ್ಟೆಯಲ್ಲೂ ಇರಲೇಬೇಕು. ಹೊಸಬರಿಗೆ ಮೊದಲ ದಿನವೇ ಇದನ್ನು ಬೈದು ಕಲಿಸುವವನು ಇವನೇ. ಇನ್ನೊಂದು ಎಲೆಗೆ ಜಾಗವಾಗಲಿ ಎಂದು ಆ ಸಾಲನ್ನು ನುಂಗಿಹಾಕಿದವನೂ ಇವನೇ. ಅದೇ ಅಳತೆಯಲ್ಲಿ ಮತ್ತೆ ಹಾಕಿ ಎರಡು ದಿನ ಬಿಟ್ಟು ನೋಡಿದರೆ, ಬರೀ ಸ್ಪಿರಿಟ್ಟಿಗೇ ಅಷ್ಟೂ ಕೋಶಗಳು ಸತ್ತಿದ್ದವು. ಸೋಮವಾರದ ತಟ್ಟೆಗೆ ಎಂದಿಗಿಂತ ಹೆಚ್ಚು ಸ್ಪಿರಿಟ್ಟು ಸುರಿದಿದ್ದ. ಸ್ಪಿರಿಟ್ಟಿನಲ್ಲಿ ಮುಳುಗಿಸಿದರೆ ಯಾವುದೂ ಬದುಕುವುದಿಲ್ಲ ಎಂಬುದೇ ಅವನ ಇಪ್ಪತ್ತೆರಡು ವರ್ಷದ ಸಂಶೋಧನೆ.

ಅಕ್ಕನ ಊರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾನ ಉಳಿಯುವಂಥ ಒಂದು ಮಾತಿಗಾಗಿ ತಡಕಾಡಿದ. ಅಕ್ಕನ ಅಡುಗೆಮನೆಯಲ್ಲಿ ಹಸಿರು ರಸದ ಲೋಟ ಕಂಡಿತು. ಮೂರನೆಯ ಇಂಜೆಕ್ಷನ್ನಿನ ದಿನ ಹಿಂದಿನ ದಿನವೇ ದಾಟಿಹೋಗಿತ್ತು.

"ಅಕ್ಕಾ, ಅದನ್ನ ಕುಡೀಬೇಡ. ಎಲೆಯಿಂದ ಏನೂ ಆಗಿಲ್ಲ, ತಪ್ಪು ನಂದು. ನಾನು ವಿಜ್ಞಾನಿನೂ ಅಲ್ಲ, ಎಲೆ ಅರೆಯೋನು."

ಚಿಕ್ಕಂದಿನಲ್ಲಿ ಒಡೆದ ಗಾಜಿನ ಚೂರು ಕೈಯಲ್ಲಿದ್ದಾಗಲೂ ನಾನಲ್ಲ ಎಂದವನು ಇವನು. ಅಕ್ಕ ಅವನ ಮುಖವನ್ನೇ ನೋಡುತ್ತ ನಿಂತಳು.

"ಹುಟ್ಟಿದಾಗಿಂದ ಒಂದು ತಪ್ಪೂ ಒಪ್ಕೊಂಡೋನಲ್ಲ ನೀನು. ಇದನ್ನ ಹೇಳೋಕೆ ಇಷ್ಟು ದೂರ ಬಂದಿದೀಯ ಅಂದ್ರೆ, ನಿಜಾನೇ ಇರಬೇಕು," ಎಂದಳು. ಲೋಟವನ್ನು ಸಿಂಕಿಗೆ ಬಗ್ಗಿಸಿ ಚಪ್ಪಲಿ ಮೆಟ್ಟಿದಳು.

ಆಸ್ಪತ್ರೆಯಲ್ಲಿ ನರ್ಸು ಜೊತೆಗೆ ಬಂದವರು ಯಾರೆಂದು ಕೇಳಿದಳು. ಇವನು ತಲೆ ತಗ್ಗಿಸಿದ.

"ನನ್ನ ತಮ್ಮ. ಲ್ಯಾಬಲ್ಲಿ ಎಲೆ ಅರೀತಾನೆ," ಎಂದಳು ಅಕ್ಕ, ವಿಜ್ಞಾನಿ ಎನ್ನುತ್ತಿದ್ದಾಗಿನಷ್ಟೇ ಜಂಬದಿಂದ.