ಪರದೆಗೆ ನೇರವಾಗಿ ಬರೆದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ನಡುವೆ ಬರುವವರನ್ನು ಕಂಡರೆ ಮೈಯೆಲ್ಲ ಉರಿ. ಬಾಗಿಲಲ್ಲಿ ಗುಮಾಸ್ತ ಕೂತಿದ್ದರೂ ನೇರ ಸಾಹೇಬರ ಕೋಣೆಗೇ ನುಗ್ಗುವ ಆಸಾಮಿ. ಮನೆಯಲ್ಲಿ ಬಡಿಸುವವರೆಗೆ ಕಾಯದೆ ಪಾತ್ರೆಗೇ ಕೈ ಹಾಕಿ, ಚಿಕ್ಕಮ್ಮನಿಂದ ಸೌಟಿನ ಏಟು ತಿಂದದ್ದಕ್ಕೆ ಲೆಕ್ಕವಿಲ್ಲ.

ಕೆಲಸ ಬಸ್ ನಿಲ್ದಾಣದಲ್ಲಿ. ಯಾವ ಬಸ್ಸು ಯಾವ ಊರಿಗೆ ಎಂದು ತೋರಿಸುವ ಪರದೆಯೂ ಅದರ ಹಿಂದಿನ ಮುದಿ ಕಂಪ್ಯೂಟರೂ ಚಿಕ್ಕಪ್ಪನ ಸುಪರ್ದಿಯಲ್ಲಿದ್ದವು. ಪಕ್ಕದ ಗಾಜಿನ ಗೂಡಿನಲ್ಲಿ ಚಿಕ್ಕಮ್ಮ ಪರದೆ ನೋಡಿ ಮೈಕಿನಲ್ಲಿ ಕೂಗಿ ಹೇಳುತ್ತಿದ್ದರು. ಆ ಯಂತ್ರದ ವೇಗವೋ ದೇವರಿಗೇ ಪ್ರೀತಿ. ಊರಿನ ಹೆಸರು ಮೂಡಿ ಮುಗಿಯುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತಿತ್ತು.

ಹೊಸ ವ್ಯವಸ್ಥಾಪಕರು ಬಂದವರೇ, "ಇದನ್ನ ಗುಜರಿಗೆ ಹಾಕ್ತೀನಿ. ನೀವು ಲಗೇಜ್ ರೂಮಿಗೆ ಹೋಗಿ" ಎಂದರು.

ಚಿಕ್ಕಪ್ಪ ಕೈ ಮುಗಿದರು. "ಒಂದು ವಾರ ಕೊಡಿ ಸರ್. ತಪ್ಪು ಯಂತ್ರದ್ದಲ್ಲ, ನಡುವೆ ಕೂತು ಅಕ್ಷರ ಬರೆಸೋ ಗ್ರಾಫಿಕ್ಸ್ ಇಂಟರ್‌ಫೇಸ್ ಅನ್ನೋ ಪ್ರೋಗ್ರಾಮಿಂದು! 'ಇಲ್ಲೊಂದು ಅಕ್ಷರ ಬರಿಯಪ್ಪ' ಅಂದ್ರೆ, ಯಾವ ಬಣ್ಣ, ಪರದೆ ಒಳಗಿದೆಯಾ ಹೊರಗಿದೆಯಾ ಅಂತ ಚುಕ್ಕಿ ಚುಕ್ಕಿಗೂ ವಿಚಾರಣೆ. ಅದನ್ನ ಬಿಟ್ಟು ನಾನು ಪರದೆಯ ಮೆಮೊರಿಗೇ ನೇರವಾಗಿ ಬರೀತೀನಿ. ನಡುವೆ ಯಾರೂ ಇರಬಾರ್ದು ಸರ್!"

"ವಿಚಾರಣೆ ಇಟ್ಟಿದ್ದಾರೆ ಅಂದ್ಮೇಲೆ ಏನೋ ಕಾರಣ ಇರತ್ತೆ ಕಣ್ರೀ" ಎಂದರು ಚಿಕ್ಕಮ್ಮ. ಚಿಕ್ಕಪ್ಪ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಪರೀಕ್ಷೆಯ ದಿನ ನಾನೂ ನೋಡಲು ಹೋಗಿದ್ದೆ. ಗುಂಡಿ ಒತ್ತಿದ್ದೇ ತಡ, ಇಡೀ ಪರದೆ ಫಕ್ಕನೆ ತುಂಬಿತು. ವ್ಯವಸ್ಥಾಪಕರ ಹುಬ್ಬು ಮೇಲೇರಿತು. ಅಲ್ಲಿಗೇ ನಿಲ್ಲಿಸಿದ್ದರೆ ಚಿಕ್ಕಪ್ಪ ಗೆದ್ದಿದ್ದರು. ಬೆಣ್ಣೆ ಹಚ್ಚುವ ಚಪಲ ಬಿಡಬೇಕಲ್ಲ! ಕೊನೆಯ ಸಾಲಿಗೆ 'ಸನ್ಮಾನ್ಯ, ಜನಾನುರಾಗಿ, ಕಾರ್ಯದಕ್ಷ ವ್ಯವಸ್ಥಾಪಕರಿಗೆ ಹೃತ್ಪೂರ್ವಕ ಸುಸ್ವಾಗತ' ಎಂದು ಹಾಕಿದ್ದರು. ಪರದೆ 'ಕಾರ್ಯದಕ್ಷ'ಕ್ಕೇ ಮುಗಿಯಿತು. 'ಸಾಕು, ಅಂಚು ಬಂತು' ಎನ್ನಲು ನಡುವೆ ಯಾರೂ ಇರಲಿಲ್ಲ. ಉಳಿದ ಹೊಗಳಿಕೆ ಪಕ್ಕದ ಮೆಮೊರಿಗೆ ನುಗ್ಗಿ, ಅಲ್ಲಿಟ್ಟಿದ್ದ ಊರುಗಳ ಹೆಸರಿನ ಮೇಲೆ ಕೂತುಬಿಟ್ಟಿತು.

ಮುಂದಿನ ಸಲ ಪರದೆ ಬದಲಾದಾಗ ಮೊದಲ ಬಸ್ಸು ಹೋಗುವ ಊರು 'ವ್ಯವಸ್ಥಾಪಕರಿಗೆ'. ಎರಡನೆಯದು 'ಹೃತ್ಪೂರ್ವಕ'. ಚೀಲ ಹೊತ್ತ ಅಜ್ಜಿಯೊಬ್ಬರು, "ಹೃತ್ಪೂರ್ವಕದ ಬಸ್ಸು ಸೇತುವೆ ಹತ್ರ ನಿಲ್ಲತ್ತೇನಪ್ಪಾ?" ಎಂದು ಚಿಕ್ಕಪ್ಪನನ್ನೇ ಕೇಳಿದರು.

ಜನ ಅತ್ತಿಂದಿತ್ತ ಓಡತೊಡಗಿದರು. ಆಗ ಚಿಕ್ಕಮ್ಮ ಪರದೆಗೆ ಬೆನ್ನು ಹಾಕಿ, ಕಿಟಕಿಯಿಂದ ಬಸ್ಸುಗಳನ್ನೇ ನೋಡುತ್ತಾ, ಒಂದೊಂದನ್ನೂ ಸರಿಯಾಗಿ ಕೂಗಿದರು. ಗಲಾಟೆ ಅಡಗಿತು.

ವ್ಯವಸ್ಥಾಪಕರಿಗೆ ಖುಷಿಯಾಯಿತು. "ಇದೇ ಚೆನ್ನಾಗಿದೆಯಲ್ರೀ! ನಡುವೆ ಯಾರೂ ಇರಬಾರ್ದು ಅಂತ ನೀವೇ ಹೇಳಿದ್ರಿ. ಹಾಗಾದ್ರೆ ಪರದೆನೂ ಬೇಡ. ಇವರೊಬ್ಬರೇ ಸಾಕು."

ಚಿಕ್ಕಪ್ಪ ಇಂಗು ತಿಂದ ಮಂಗನಂತಾದರು. ಆ ಮುದಿ ಯಂತ್ರವನ್ನು ಅವರು ಮಗುವಿನಂತೆ ನೋಡಿಕೊಂಡವರು. ನಗು ತಡೆಯಲಾಗದಿದ್ದರೂ ನನಗೆ ಪಾಪ ಅನ್ನಿಸಿತು.

ಚಿಕ್ಕಮ್ಮ ಮೈಕು ಆರಿಸಿದರು. ಗಂಡನನ್ನು ಒಮ್ಮೆ ದುರುಗುಟ್ಟಿ ನೋಡಿ, ವ್ಯವಸ್ಥಾಪಕರ ಕಡೆ ತಿರುಗಿದರು.

"ಆಗ್ಲಿ ಸರ್. ಆದ್ರೆ ನಂಗೆ ನಾಳೆಯಿಂದ ರಜೆ ಬೇಕು."

"ಎಷ್ಟು ದಿನ?"

"ಇವರು ಆ ಕೊನೇ ಸಾಲನ್ನ ಚಿಕ್ಕದು ಮಾಡಿ, ಪರದೆ ಸರಿ ಮಾಡೋವರೆಗೆ."