ಕರೆಂಟ್ ಹೋದ ಮಧ್ಯಾಹ್ನ

ಅವಳು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುವವಳು. ಗಂಡ ಲಾರಿ ಡ್ರೈವರ್, ಮನೆಗಿಂತ ರಸ್ತೆಯಲ್ಲೇ ಹೆಚ್ಚು. ಹಗಲೆಲ್ಲ ಮನೆಯಲ್ಲಿರುವವರು ಮಾವ ಒಬ್ಬರೇ. ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಬಾಗಿಲಿಗೆ ಯಾರಾದರೂ ಅಡ್ಡ ನಿಂತರೆ ಈಗಲೂ "ಮುಂದೆ ಹೋಗಿ, ಒಳಗೆ ಜಾಗ ಇದೆ" ಎನ್ನುತ್ತಿದ್ದರು. ತಮಾಷೆ ಉಳಿದಿತ್ತು, ನೆನಪು ಕೈಕೊಡತೊಡಗಿತ್ತು. ಎರಡು ಸಲ ಗ್ಯಾಸ್ ಹಚ್ಚಿ, ಚಹಾಕ್ಕೆ ನೀರಿಟ್ಟು, ಮರೆತು ಮಲಗಿಬಿಟ್ಟಿದ್ದರು. ಎರಡನೇ ಸಲ ಪಾತ್ರೆಯ ತಳ ಸುಟ್ಟು ಕರಕಲಾಗಿತ್ತು. ಅಂದಿನಿಂದ ಕಾರ್ಖಾನೆಯಲ್ಲಿ ಯಾರ ಫೋನ್ ರಿಂಗಾದರೂ ಅವಳು ಹೊಲಿಗೆ ನಿಲ್ಲಿಸಿ ತಲೆ ಎತ್ತುತ್ತಿದ್ದಳು.

ಅದಕ್ಕೇ ಗಾಜಿನ ಎಲೆಕ್ಟ್ರಿಕ್ ಕೆಟಲ್ ತಂದಳು. ಮಾವನ ಕೈಗೆ ಕೊಡುವ ಮುಂಚೆ ಒಂದು ಭಾನುವಾರವಿಡೀ ಅದನ್ನು ಗೋಳು ಹೊಯ್ದುಕೊಂಡಳು. ತುಂಬ ನೀರು ಹಾಕಿ ನೋಡಿದಳು, ಅರ್ಧ ಹಾಕಿ ನೋಡಿದಳು. ಕುದಿ ಬಂದ ಕೂಡಲೇ ಟಕ್ಕೆಂದು ತಾನೇ ಆರಿತು. ನೀರೇ ಇಲ್ಲದೆ ಸ್ವಿಚ್ ಒತ್ತಿದಳು, ಆಗಲೂ ಆರಿತು. ಹಿಡಿ ಬಿಸಿಯಾಗಲಿಲ್ಲ, ಗಾಜು ಮಾತ್ರ ಬೆರಳಿಗೆ ಚುರ್ರೆಂದಿತು.

"ಮಾವ, ಗಾಜು ಮುಟ್ಟಬೇಡಿ. ಹಿಡಿ ಹಿಡ್ಕೊಳ್ಳಿ."

"ನೀರು ಕುದಿಯೋದು ಟೀವಿ ಥರ ಕಾಣುತ್ತಲ್ಲಮ್ಮ," ಎಂದು ಮಾವ ಕುರ್ಚಿ ಎಳೆದುಕೊಂಡು ಕೂತರು.

ಕೆಲಸಕ್ಕೆ ಹೊರಡುವಾಗ ಸಿಲಿಂಡರಿನ ರೆಗ್ಯುಲೇಟರನ್ನೂ ಆಫ್ ಮಾಡಿ ಹೋಗುತ್ತಿದ್ದಳು. ಕೆಲವು ವಾರ ನೆಮ್ಮದಿಯಾಗಿ ಕಳೆದವು.

ಒಂದು ಮಧ್ಯಾಹ್ನ ಇಡೀ ಬಡಾವಣೆಯ ಕರೆಂಟ್ ಹೋಗಿ ಕಾರ್ಖಾನೆಯ ಮೆಷಿನ್‌ಗಳು ನಿಂತವು. ಎಲ್ಲರನ್ನೂ ಮನೆಗೆ ಕಳಿಸಿದರು. ಹಿಗ್ಗಿನಿಂದ ಗೇಟು ದಾಟಿದವಳಿಗೆ ತಿರುವಿನಲ್ಲಿ ಹೊಳೆಯಿತು, ಮನೆಯಲ್ಲೂ ಕರೆಂಟ್ ಇರುವುದಿಲ್ಲ. ಮಾವನ ಚಹಾದ ಹೊತ್ತು. ಬೆಳಿಗ್ಗೆ ರೆಗ್ಯುಲೇಟರ್ ಆಫ್ ಮಾಡಿದ್ದೆನೇ? ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಫೋನ್ ಮಾಡಿದಳು, ರಿಂಗಾಗಿ ರಿಂಗಾಗಿ ನಿಂತಿತು. ಅವಳು ಓಡತೊಡಗಿದಳು.

ಮೆಟ್ಟಿಲಲ್ಲೇ ಪ್ಲಾಸ್ಟಿಕ್ ಸುಟ್ಟ ವಾಸನೆ. ಬಾಗಿಲು ತೆರೆದರೆ ಇನ್ನೊಂದು ವಾಸನೆ, ಗ್ಯಾಸಿನದು. ಒಲೆಯ ಮೇಲೆ ಕೆಟಲಿನ ತಳ ಕರಗಿ ಅಂಟಿಕೊಂಡಿತ್ತು. ಗಾಜು ಒಡೆದು, ನೀರು ಚೆಲ್ಲಿ ಉರಿ ಆರಿತ್ತು. ಗ್ಯಾಸ್ ಮಾತ್ರ ಬುಸುಗುಡುತ್ತಿತ್ತು. ಮಾವ ಬೆಂಕಿಪೊಟ್ಟಣದಿಂದ ಕಡ್ಡಿ ತೆಗೆಯುತ್ತಿದ್ದರು.

"ಮಾವ," ಎಂದಳು. ಮಾವನಿಗೆ ಕೇಳಿಸಲಿಲ್ಲ. ಅವರು ಕಡ್ಡಿಯನ್ನು ಪೊಟ್ಟಣಕ್ಕೆ ತಾಗಿಸಿದರು.

"ಹೋಲ್ಡಾನ್!"

ಬಸ್ಸು ನಿಲ್ಲಿಸಲು ಮಾವ ಜೀವಮಾನವಿಡೀ ಕೂಗಿದ ಮಾತು. ತನ್ನ ಬಾಯಿಗೆ ಅದು ಹೇಗೆ ಬಂತೋ ಅವಳಿಗೇ ಗೊತ್ತಿಲ್ಲ. ಮಾವನ ಕೈ ನಿಂತಿತು. ಕಡ್ಡಿ ಕಿತ್ತುಕೊಂಡು, ಗ್ಯಾಸ್ ಬಂದ್ ಮಾಡಿ, ಕಿಟಕಿಗಳನ್ನು ತೆರೆದು, ಅವರ ರಟ್ಟೆ ಹಿಡಿದು ಬೀದಿಗೆ ಇಳಿಸಿದಳು. ಇಬ್ಬರೂ ಕಟ್ಟೆಯ ಮೇಲೆ ಕೂತರು.

"ಕೆಟಲ್ ಬಿಸಿ ಆಗ್ಲೇ ಇಲ್ಲಮ್ಮ. ಒಲೆ ಮೇಲಿಟ್ಟೆ," ಎಂದರು ಮಾವ ಮೆಲ್ಲಗೆ. "ತಪ್ಪಾಯ್ತಾ?"

"ಇರಲಿ ಮಾವ. ಕೈ ಸುಟ್ಟಿಲ್ಲ ತಾನೆ?"

ಅವರು ಎರಡೂ ಅಂಗೈ ಚಾಚಿ ತೋರಿಸಿದರು.

ಆ ವಾರವೇ ಸಿಲಿಂಡರ್ ಮನೆಬಿಟ್ಟು ಹೋಯಿತು. ಅಡುಗೆಗೆ ಕರೆಂಟ್ ಒಲೆ ಬಂತು, ಜೊತೆಗೆ ಅಂಥದ್ದೇ ಇನ್ನೊಂದು ಕೆಟಲ್. ಅವಳು ಕಾರ್ಖಾನೆ ಬಿಟ್ಟು, ತಮ್ಮ ಮನೆಯ ಕೆಳಗೇ ಇದ್ದ ಟೈಲರ್ ಅಂಗಡಿ ಸೇರಿದಳು.

"ಕೆಟಲ್ ಹೇಗಿದೆ? ನಾನೂ ತಗೊಳ್ಳಲಾ?" ಎಂದು ಅಂಗಡಿಯಾಕೆ ಕೇಳಿದಳು.

"ಚೆನ್ನಾಗಿದೆ ಅಕ್ಕ. ಮನೇಲಿ ಯಾರ ಕೈಗೆ ಸಿಗುತ್ತೆ ಅಂತ ನೋಡ್ಕೊಂಡು ತಗೊಳ್ಳಿ."

ಈಗಲೂ ಕರೆಂಟ್ ಹೋದರೆ ಕೈಯಲ್ಲಿದ್ದ ಬಟ್ಟೆ ಬಿಟ್ಟು ಮೆಟ್ಟಿಲು ಹತ್ತುತ್ತಾಳೆ. ಮಾವ ಕುರ್ಚಿಯಲ್ಲಿ ಕೂತಿರುತ್ತಾರೆ. ಬಂದವಳು ಯಾರೆಂದು ಒಮ್ಮೊಮ್ಮೆ ಕೇಳುತ್ತಾರೆ. ಅವಳು ಹೇಳಿ, ಪಕ್ಕದಲ್ಲಿ ಕೂರುತ್ತಾಳೆ.