ಸಾವಿನ ಮನೆಗೆ ಹೋದ ಬೇರೆಯವರ ಕುರ್ಚಿಗಳು

ಭಾಲ್ಕಿಯಲ್ಲಿ ನಮ್ಮದೊಂದು ಟೆಂಟ್ ಹೌಸ್ ಇದೆ. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ, ಜನರೇಟರ್ ಬಾಡಿಗೆಗೆ ಕೊಡುತ್ತೇವೆ. ಕೊಡುತ್ತೇವೆ ಎಂದು ಬರೆದೆ. ಕೊಡುವವರು ನಮ್ಮ ಮನೆಯವರು. ಫೋನು ಎತ್ತುವವಳು ಮಾತ್ರ ಬಹಳ ವರ್ಷ ನಾನಾಗಿದ್ದೆ. ಅವರು ಕೆಲಸಕ್ಕೆ ನಿಂತರೆ ಅಂಗಿ ಬಿಚ್ಚಿ ಯಾವುದಾದರೂ ಕಂಬಕ್ಕೆ ತೂಗುಹಾಕುತ್ತಾರೆ. ಫೋನು ಆ ಅಂಗಿಯ ಕಿಸೆಯಲ್ಲಿರುತ್ತದೆ. ಅದು ಬಡಿದುಕೊಳ್ಳುತ್ತದೆ, ಇವರು ಕಂಬ ಬಡಿಯುತ್ತಾರೆ. ಅಲ್ಲಿ ಸಿಗದ ಗಿರಾಕಿ ಮನೆಗೆ ಮಾಡುತ್ತಾನೆ. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು, ಯಾರದೋ ಮದುವೆಗೆ ಎಷ್ಟು ಹಂಡೆ ಬೇಕೆಂದು ಕೇಳಬೇಕು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಿಯಾಗಿರುತ್ತದೆ. ಊಟಕ್ಕೆ ಕುಳಿತಾಗ ಅದನ್ನು ಎತ್ತಿ ತೋರಿಸಿ, "ಇದು ಯಾವ ಗಿರಾಕಿದು?" ಎಂದು ಕೇಳುವವರೂ ಅವರೇ.

ಬೀದರಿನ ಕಾಲೇಜಿನಲ್ಲಿ ಪಾಠ ಹೇಳುವ ನಮ್ಮ ಭಾವನ ಮಗಳು ಒಮ್ಮೆ ಬಂದಾಗ ಇದನ್ನು ನೋಡಿದಳು.

"ಕಾಕಾ, ವರ್ಚುವಲ್ ಅಸಿಸ್ಟೆಂಟ್ ಅಂತ ಇರ್ತಾರ್ರಿ. ತಮ್ಮ ಮನ್ಯಾಗ ಕುಂತೇ ನಿಮ್ಮ ಫೋನು, ವಾಟ್ಸಾಪ್, ಬುಕಿಂಗ್ ಎಲ್ಲಾ ನೋಡ್ಕೋತಾರ."

"ಅಂಗಡಿಗಿ ಬರಂಗಿಲ್ಲ?"

"ಇಲ್ರಿ."

"ಮತ್ತ ಕೂಡೋದು ಎಲ್ಲಿ?"

"ಅವರ ಮನ್ಯಾಗ."

"ಕುರ್ಚಿ?"

"ಅವರದೇ ಇರ್ತದ ಕಾಕಾ!"

ಊರಿಗೆ ಊರನ್ನೇ ಕೂರಿಸುವ ಮನುಷ್ಯನಿಗೆ, ತನ್ನ ಒಂದು ಕುರ್ಚಿಯೂ ಬೇಡದ ಕೆಲಸದವಳು ಎಂದರೆ ಏನೆಂದೇ ತಿಳಿಯಲಿಲ್ಲ. "ಒಂದ್ ಕಪ್ ಚಹಾ ಕುಡಿಸ್ಲಾರದ ಮನುಷ್ಯಾಗ ಕೆಲಸ ಹ್ಯಾಂಗ ಹೇಳಬೇಕು?" ಎಂದು ಎರಡು ದಿನ ಗೊಣಗಿದರು. ಆಮೇಲೆ ಒಪ್ಪಿದರು. ಒಪ್ಪಿಸಿದವಳು ನಾನು.

ಹುಡುಗಿ ಸಿಕ್ಕಿದ್ದು ಔರಾದ್ ಕಡೆಯ ಠಾಣಾ ಕುಶನೂರಿನಲ್ಲಿ. ಹುಡುಗಿ ಎಂಬುದು ನಮ್ಮ ಮನೆಯವರ ಮಾತು. ದನಿ ಕೇಳಿ ಅವರೇ ವಯಸ್ಸು ಕಟ್ಟಿದ್ದರು. ಆಕೆ ಆಗಲೇ ಬೀದರಿನ ಒಬ್ಬ ಹಲ್ಲಿನ ಡಾಕ್ಟರ ಮತ್ತು ಒಂದು ಟ್ಯೂಷನ್ ಕ್ಲಾಸಿನ ಫೋನು ನೋಡಿಕೊಳ್ಳುತ್ತಿದ್ದರು. ಗಡಿಯ ಡಾಬಕಾ ಕಡೆಯವರು ಮರಾಠಿಯಲ್ಲಿ ಕೇಳಿದರೆ ಮರಾಠಿ, ಬೀದರಿನ ಹಳೆ ಪೇಟೆಯವರು ದಖ್ಖನಿ ಉರ್ದುವಿನಲ್ಲಿ ಕೇಳಿದರೆ ದಖ್ಖನಿ, ನಮ್ಮ ಜೊತೆ ಕನ್ನಡ. ಮನೆಮಾತು ದಖ್ಖನಿ ಆದ್ದರಿಂದ ನನ್ನನ್ನು ಮೊದಲ ದಿನವೇ ಭಾಬಿ ಎಂದರು.

ಮೊದಲ ವಾರ ನಮ್ಮ ಮನೆಯವರು ಆಕೆ ನಿಜವಾಗಿ ಇದ್ದಾರೆಯೇ ಎಂದು ನೋಡಲು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದರು.

"ತಂಗಿ, ಏನ್ ಮಾಡ್ಲತ್ತಿ?"

"ನಿಮ್ಮ ಫೋನ್ ಎತ್ತೀನಿ ಅಣ್ಣಾ. ನೀವು ಇಟ್ರ ಗಿರಾಕಿದು ಎತ್ತತೇನಿ."

ಅವರು ಬೈಕಿನ ಮೇಲಿಂದ ಕಳಿಸುವ ವಾಯ್ಸ್ ಮೆಸೇಜಿನಲ್ಲಿ ಗಾಳಿಯ ಸದ್ದೇ ಹೆಚ್ಚು. ಆಕೆ ಅದನ್ನು ಕೇಳಿ, ತಮಗೆ ತಿಳಿದದ್ದನ್ನು ನಾಲ್ಕು ಸಾಲು ಬರೆದು, "ಹಿಂಗೇ ಹೌದಲ್ರಿ?" ಎಂದು ತಿರುಗಿ ಕಳಿಸುತ್ತಿದ್ದರು. ಇಂಥ ತಾಳ್ಮೆ ನನಗೆ ಮದುವೆಯಾಗಿ ಇಷ್ಟು ವರ್ಷವಾದರೂ ಬಂದಿಲ್ಲ. ಒಂದು ತಿಂಗಳಲ್ಲಿ ನನ್ನ ಅಡುಗೆಮನೆಯಲ್ಲಿ ಫೋನಿನ ಸದ್ದು ನಿಂತಿತು. ಆ ಫೋನು ಮತ್ತೆ ನನ್ನ ಒಲೆಯ ಪಕ್ಕಕ್ಕೆ ಬರಬಾರದು. ನನಗೆ ಬೇಕಾಗಿದ್ದು ಅಷ್ಟೇ.

ನಮ್ಮ ಮನೆಯವರು ಆಕೆಗೆ ಕಟ್ಟಳೆಗಳನ್ನು ಹಾಕಿಕೊಟ್ಟಿದ್ದರು. ಅಡ್ವಾನ್ಸ್ ಇಲ್ಲದೆ ಬುಕಿಂಗ್ ಇಲ್ಲ. ತಮ್ಮನ್ನು ಕೇಳದೆ ಏನೂ ಮಾಡಬಾರದು. ಮನೆಗೆ, ಅಂದರೆ ನನಗೆ, ಫೋನ್ ಮಾಡಲೇಬಾರದು. ಕೊನೆಯದನ್ನು ಹಾಕಿಸಿದವಳು ನಾನೇ. ಇದರ ಮೇಲೆ, ಯಾರು ಅಂಗಡಿಯ ನಂಬರಿಗೆ ಮೆಸೇಜ್ ಕಳಿಸಿದರೂ ತಾನಾಗಿಯೇ ಹೋಗುವ ಒಂದು ಉತ್ತರವನ್ನು ಅವರೇ ಕುಳಿತು ಬರೆದರು: "ನಿಮ್ಮ ಮನೆಯ ಶುಭಕಾರ್ಯಕ್ಕೆ ಹಾರ್ದಿಕ ಶುಭಾಶಯಗಳು. ಪರದೆ ಯಾವ ಬಣ್ಣದ್ದು ಬೇಕು? ಗುಲಾಬಿ, ಹಳದಿ, ಬಂಗಾರದ ಜರಿ?"

"ಅಣ್ಣಾ, ಬರೋರೆಲ್ಲಾ ಶುಭಕಾರ್ಯಕ್ಕೇ ಬರ್ತಾರೇನ್ರಿ?" ಎಂದು ಆಕೆ ಆಗಲೇ ಕೇಳಿದ್ದರು.

"ಟೆಂಟ್ ಹೌಸಿಗಿ ಮತ್ಯಾದಕ್ಕ ಬರ್ತಾರ?" ಎಂದು ಇವರು ನಕ್ಕಿದ್ದರು.

ಅವರು ಸುಳ್ಳು ಹೇಳಲಿಲ್ಲ. ಸಾವಿನ ಮನೆಗೆ ಕುರ್ಚಿ ಕಳಿಸುವುದು ಅವರ ಮನಸ್ಸಿನಲ್ಲಿ ವ್ಯಾಪಾರವೇ ಅಲ್ಲ. ಸುದ್ದಿ ಕಿವಿಗೆ ಬಿದ್ದರೆ ಊಟದ ತಾಟನ್ನು ಸರಿಸಿ ಏಳುತ್ತಾರೆ. ಯಾವ ಜಾತಿ, ಯಾವ ಓಣಿ ಎಂದು ಕೇಳುವುದಿಲ್ಲ. ಅಡ್ವಾನ್ಸಿನ ಮಾತಿಲ್ಲ, ಬಾಡಿಗೆಯ ಮಾತಿಲ್ಲ. ಕೇಳದೆಯೇ ಟೆಂಪೋ ಹೋಗಿ ಅಂಗಳದಲ್ಲಿ ನೆರಳು ಕಟ್ಟಿ ಬರುತ್ತದೆ. ಅವರ ತಂದೆಯೂ ಹೀಗೇ ಮಾಡುತ್ತಿದ್ದರು. ಹೇಳಿಕೊಡಬೇಕಾದ ಸಂಗತಿ ಅದು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಬೇಸಿಗೆಯಲ್ಲಿ, ಭಾತಂಬ್ರಾದ ಒಬ್ಬ ಹಿರಿಯರು ತೀರಿಕೊಂಡರು. ಬೌದ್ಧ ಮನೆತನದವರು, ನಿವೃತ್ತ ಮಾಸ್ತರರು. ನಮ್ಮ ಮನೆಯವರು ಅಂಗಡಿ ಹಿಡಿದಾಗ ಮೊದಲ ಮದುವೆಯ ಕೆಲಸ ಕೊಟ್ಟವರು. ನೆರೆಯಾಕೆ ಬಂದು ಸುದ್ದಿ ಹೇಳಿದಾಗ ನಾನು ಸೆರಗು ಸರಿಮಾಡಿಕೊಂಡು ಅವಳ ಜೊತೆ ಆಟೋ ಹತ್ತಿದೆ. ನಮ್ಮ ಮನೆಯವರು ಬೀದರಿನಲ್ಲಿ ದೊಡ್ಡ ಮದುವೆಯೊಂದರ ಕೆಲಸಕ್ಕೆ ಹೋಗಿದ್ದರು. ಸುದ್ದಿ ಮುಟ್ಟಿರುತ್ತದೆ, ಕುರ್ಚಿ ಹೋಗಿರುತ್ತವೆ ಎಂದೇ ನನ್ನ ನಂಬಿಕೆ.

ಅಂಗಳದಲ್ಲಿ ನೆರಳಿತ್ತು. ಕುರ್ಚಿಗಳೂ ಇದ್ದವು. ಆದರೆ ಕೆಂಪು ಕುರ್ಚಿಗಳು. ನಮ್ಮವು ನೀಲಿ. ಹತ್ತಿರ ಹೋಗಿ ನೋಡಿದೆ. ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಹೆಸರು ಬಸ್ ನಿಲ್ದಾಣದ ಎದುರಿನ ಟೆಂಟ್ ಹೌಸಿನದು. ಅದರ ಮಾಲೀಕರಿಗೂ ನಮ್ಮ ಮನೆಯವರಿಗೂ ಮಾತಿಲ್ಲ. ಹಾದಿಯಲ್ಲಿ ಎದುರಾದರೆ ಟೆಂಪೋ ಹಾರ್ನುಗಳಷ್ಟೇ ಮಾತಾಡಿಕೊಳ್ಳುತ್ತವೆ. ಈಗಲೂ ಆ ದಿನ ನೆನೆದರೆ ಮೊದಲು ಕಾಣುವುದು ಆ ಕೆಂಪು.

ತೀರಿಕೊಂಡವರ ಮಗಳು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅತ್ತು ಅವರ ದನಿ ಕೂತಿತ್ತು. ತಮ್ಮ ಮೊಬೈಲು ತೆಗೆದು ತೋರಿಸಿದರು. ಅವರ ಮಗ ಆ ಮೊಬೈಲಿನಿಂದ ನಮ್ಮ ಅಂಗಡಿಗೆ "ಮನೆಗೆ ಇವತ್ತೇ ಕುರ್ಚಿ, ನೆರಳು ಬೇಕು" ಎಂದಷ್ಟೇ ಬರೆದಿದ್ದ. ಕೆಳಗೆ ನಮ್ಮ ಉತ್ತರವಿತ್ತು. ಶುಭಾಶಯಗಳು. ಗುಲಾಬಿ, ಹಳದಿ, ಬಂಗಾರದ ಜರಿ.

ಅದನ್ನು ಎರಡು ಸಲ ಓದಿ ಮೊಬೈಲನ್ನು ತಿರುಗಿ ಅವರ ಕೈಗಿಟ್ಟೆ.

"ನಮ್ಮಪ್ಪಗ ಗುಲಾಬಿ ಪರದಿ ಚಲೋ ಒಪ್ತಿತ್ತು ಬಿಡ್ರಿ ವೈನಿ," ಎಂದರು ಅವರು. ಅಂದವರೇ ನಕ್ಕರು, ನಗುತ್ತಾ ಮತ್ತೆ ಅತ್ತರು. "ಈ ಮೆಸೇಜ್ ಬಂದ ಕೂಡ್ಲೇ ನಿಮ್ಮ ಕುಶನೂರಿನಾಕಿ ಫೋನ್ ಮಾಡಿದ್ಲು. ತಪ್ಪಾಯ್ತು ಅಂದ್ಲು, ಇನ್ನೊಮ್ಮಿ ತಪ್ಪಾಯ್ತು ಅಂದ್ಲು. ಬಿಸಿಲು ಏರೂದ್ರಾಗ ಕುರ್ಚಿ ಬರ್ತಾವ ಅಂದ್ಲು. ಬಂದ್ವು. ಯಾರವು ಅಂತ ನಾವೇನ್ ನೋಡೀವಿ?"

ಮಧ್ಯಾಹ್ನ, ಕೊನೆಗೂ ಫೋನು ನೋಡಿ, ನಮ್ಮ ಮನೆಯವರು ಬಂದರು. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿದ್ದರು. ಒಳಗೆ ಹೋಗಿ ಮಾಸ್ತರರ ಕಾಲು ಮುಟ್ಟಿ ಹೊರಗೆ ಬಂದು, ಕುರ್ಚಿಗಳನ್ನು ನೋಡಿ, ನೆರಳಿನ ಆಚೆ ಬಿಸಿಲಲ್ಲಿ ನಿಂತರು.

"ಕೂಡ್ರಿ ಸಾವ್ಕಾರ್ರ, ಕುರ್ಚಿ ಖಾಲಿ ಅದಾವ," ಎಂದರು ಒಬ್ಬರು.

"ಇರ್ಲಿ ಬಿಡ್ರಿ."

ಬೆವರು ಇಳಿಯುತ್ತಿತ್ತು. ನಾನು ಹೆಂಗಸರ ಕಡೆಯಿಂದ ನೋಡುತ್ತಿದ್ದೆ. ಆಗ ಗುಂಪಿನಿಂದ ಬಸ್ ನಿಲ್ದಾಣದ ಎದುರಿನ ಮಾಲೀಕರೇ ಎದ್ದು, ಒಂದು ಕೆಂಪು ಕುರ್ಚಿ ಎತ್ತಿ ತಂದು, ನಮ್ಮ ಮನೆಯವರ ಮೊಣಕಾಲಿನ ಹಿಂದೆ ಇಟ್ಟರು.

"ಕೂಡ್ರಿ. ಸಾವಿನ ಮನ್ಯಾಗ ಕುರ್ಚಿ ಯಾರದು ಅಂತ ಯಾರೂ ಕೇಳಂಗಿಲ್ಲ. ಪರದಿ ಬಣ್ಣ ಕೇಳೋರು ನೀವೊಬ್ರೇ."

ಸುತ್ತ ಇದ್ದವರು ನಗುವನ್ನು ಟವೆಲಿನಲ್ಲಿ ಅಡಗಿಸಿಕೊಂಡರು. ನಮ್ಮ ಮನೆಯವರು ಕುಳಿತರು.

ಮನೆಗೆ ಬಂದ ಮೇಲೆ ಇವರ ಮಾತು ಹೊರಬಿತ್ತು. "ನಾಳಿಂದ ಬ್ಯಾಡ ಆಕಿ. ನನ್ನ ಹೆಸರು ಹಾಳ ಮಾಡಿ, ಹೋಗಿ ಹೋಗಿ ಅವನ ಕುರ್ಚಿ ತರ್ಸ್ಯಾಳ."

ನಾನು ಹೇಳಿದೆ: "ಹಂಗಿದ್ರ ಈಗೇ ಫೋನ್ ಮಾಡಿ ಹೇಳ್ರಿ."

ಅವರು ಫೋನು ತೆಗೆದರು, ನೋಡಿದರು, ಇಟ್ಟರು. "ಮುಖ ನೋಡ್ಲಾರ್ದ ಕೆಲಸ ಕೊಟ್ಟೆ, ಅದೇ ತಪ್ಪಾತು. ಮುಖ ನೋಡ್ಲಾರ್ದ ಬಿಡಿಸೋದು ಹ್ಯಾಂಗ?"

ಹೀಗಾಗಿ ಮರುದಿನ ಇಬ್ಬರೂ ಠಾಣಾ ಕುಶನೂರಿಗೆ ಬಸ್ಸಿನಲ್ಲಿ ಹೋದೆವು. ಕೆಲಸದಿಂದ ತೆಗೆಯಲು ಹೊರಟವರು ನಿಲ್ದಾಣದಲ್ಲಿ ಒಂದು ಡಜನ್ ಬಾಳೆಹಣ್ಣು ಕೊಂಡರು. ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗುವುದು ಹೇಗೆ?

ಬಾಗಿಲು ತೆರೆದಾಕೆಯ ಕಿವಿಯ ಪಕ್ಕದ ಕೂದಲು ನರೆತಿತ್ತು, ಕನ್ನಡಕ ದಾರದಿಂದ ಕೊರಳಲ್ಲಿ ತೂಗುತ್ತಿತ್ತು. ವಯಸ್ಸಿನಲ್ಲಿ ನಮ್ಮ ಮನೆಯವರಿಗಿಂತ ದೊಡ್ಡವರೇ ಇರಬೇಕು. "ತಂಗಿ ಮನಿ ಇದೇ ಏನ್ರಿ?" ಎಂದು ಇವರು ಕೇಳಿದರು.

"ನಾನೇ ಅಣ್ಣಾ ನಿಮ್ಮ ತಂಗಿ. ಬರ್ರಿ ಭಾಬಿ."

ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಅಲ್ಲೇ ಅರ್ಧವಾಯಿತು. ಉಳಿದರ್ಧವನ್ನು ಇವರು ಗೋಡೆ ನೋಡಿಕೊಂಡು ಹೇಳಿದರು. "ನನ್ನ ಕೇಳ್ಲಾರ್ದ ಏನೂ ಮಾಡಬ್ಯಾಡ್ರಿ ಅಂದಿದ್ದೆ."

"ಕೇಳೀನಿ ಅಣ್ಣಾ. ಎಷ್ಟ್ ಸಲ ಕೇಳೀನಿ ಅಂತ ನಿಮ್ಮ ಅಂಗಿಗಿ ಕೇಳ್ರಿ."

ನನಗೆ ನಗು ಬಂತು. ತಡೆದುಕೊಂಡೆ.

"ಭಾಬಿಗಿ ಮಾಡಬ್ಯಾಡ ಅಂದ್ರಿ, ಮಾಡಿಲ್ಲ. ಅಡ್ವಾನ್ಸ್ ಇಲ್ದ ಬುಕಿಂಗ್ ಬ್ಯಾಡ ಅಂದ್ರಿ. ಹೆಣ ಮುಂದಿಟ್ಕೊಂಡು ಕುಂತೋರಿಗಿ ಅಡ್ವಾನ್ಸ್ ಕೇಳ್ಲೇನು? ನಿಮ್ಮ ಕುರ್ಚಿ ಗೋದಾಮಿನ್ಯಾಗ, ಗೋದಾಮಿನ ಕೀಲಿ ನಿಮ್ಮ ಸೊಂಟದಾಗ, ನೀವು ಬೀದರಿನಾಗ. ಭಾಲ್ಕ್ಯಾಗ ಮತ್ಯಾರ ಹತ್ರ ಕುರ್ಚಿ ಅದಾವ, ನೀವೇ ಹೇಳ್ರಿ."

ಆಕೆ ಚಹಾ ತಂದಿಟ್ಟು, ಎದುರು ಕುಳಿತು, ದನಿ ಏರಿಸದೆ ಹೇಳಿದರು: "ಕೈ ಕಟ್ಟಿ ಈಸು ಅಂದ್ರ ನನ್ನಿಂದ ಆಗಂಗಿಲ್ರಿ. ನೀವು ಬಿಡಿಸ್ಲಾಕ ಬಂದೀರಿ, ಗೊತ್ತಾಗ್ಯದ. ಅದಕ್ಕಿಂತ ಮೊದಲ ನಾನೇ ಬಿಡ್ತೇನಿ. ಬ್ಯಾರೆಯವರನ್ನ ಹುಡುಕ್ಕೊಳ್ರಿ."

ನಮ್ಮ ಮನೆಯವರ ಮುಖ ಇಳಿಯಿತು. ಬಿಡಿಸಲು ಬಂದವರಿಗೆ ಬಿಟ್ಟು ಹೋಗುವವರ ಮುಂದೆ ಏನು ಮಾಡಬೇಕೋ ತಿಳಿಯದು. ಚಹಾದ ಬಸಿ ಹಿಡಿದುಕೊಂಡೇ ನನ್ನತ್ತ ನೋಡಿದರು. ನಾಳೆಯಿಂದ ಆ ಫೋನು ಎಲ್ಲಿಗೆ ಬರುತ್ತದೆಂದು ನನಗೆ ಗೊತ್ತಿತ್ತು. ಆದರೆ ಆ ಹೊತ್ತಿಗೆ ನನ್ನ ಕಣ್ಣ ಮುಂದಿದ್ದದ್ದು ಒಲೆಯಲ್ಲ, ಆ ಮಗಳ ಮೊಬೈಲು.

"ಸಾವಿನ ಮನಿ ಫೋನು ಬಂದ್ರ ನನಗ ಮಾಡ್ರಿ," ಎಂದೆ. "ಎಷ್ಟೊತ್ತಿಗಾದ್ರೂ ಮಾಡ್ರಿ. ಗೋದಾಮಿಂದು ಇನ್ನೊಂದು ಕೀಲಿ ಮಾಡಿಸಿ ನಾ ಇಟ್ಕೋತೇನಿ. ಟೆಂಪೋದವಗ ನಾನೇ ಹೇಳ್ತೇನಿ."

"ಮತ್ತ ಮದುವಿ ಫೋನು?" ಎಂದು ನಮ್ಮ ಮನೆಯವರು ಆಸೆಯಿಂದ ಕೇಳಿದರು.

"ಮದುವಿದು ಬಂದ್ರ ಬಡಿತೇನಿ."

ಆಕೆ ನಕ್ಕರು. ಕನ್ನಡಕ ಏರಿಸಿ, ನಮ್ಮೆದುರೇ ಆ ಶುಭಾಶಯವನ್ನು ಅಳಿಸಿದರು. ಒಂದು ಸಾಲಾದರೂ ಇರಲಿ, ಎರಡು ಬಣ್ಣವಾದರೂ ಇರಲಿ ಎಂದು ಇವರು ಚೌಕಾಶಿಗೆ ನಿಂತರು. ಕೊನೆಗೆ ಉಳಿದದ್ದು ಇಷ್ಟೇ: "ನಮಸ್ಕಾರ. ಈಗಲೇ ಫೋನ್ ಮಾಡುತ್ತೇವೆ."

ಕೀಲಿ ಈಗ ನನ್ನ ಹತ್ತಿರ ಇದೆ. ಆಕೆ ನನಗೆ ಯಾವಾಗಲೋ ಒಮ್ಮೆ ಫೋನ್ ಮಾಡುತ್ತಾರೆ. "ಭಾಬಿ" ಎಂದಷ್ಟೇ ಹೇಳುತ್ತಾರೆ. ನಾನು ಯಾವ ಊರು ಎಂದು ಮಾತ್ರ ಕೇಳುತ್ತೇನೆ.